ಹಿಟ್ಲರ್ ಬೇಕು ಅನ್ನುವ ಗೆಳೆಯನಿಗೆ ಎರಡು ಗಂಟೆಯ ಹೋಂವರ್ಕ್

ನಮ್ಮ ಆಫೀಸ್ ಕ್ಯಾಬಿನಲ್ಲಿ ದಿನಾ ಸಂಜೆ ಒಂದು ಪಾರ್ಲಿಮೆಂಟ್ ನಡೆಯುತ್ತದೆ. ಸಿಲ್ಕ್ ಬೋರ್ಡ್ ಸಿಗ್ನಲ್ ಹತ್ತಿರ ಗಾಡಿ ನಿಂತಿತು ಅಂದರೆ ಅಧಿವೇಶನ ಶುರು. ರಸ್ತೆ ಗುಂಡಿಯಿಂದ ಆರಂಭವಾದ ಚರ್ಚೆ ಕಾರ್ಪೊರೇಟರು, ಎಂಎಲ್‌ಎಗಳನ್ನೆಲ್ಲ ಹಾದು ದೆಹಲಿ ಮುಟ್ಟುವಷ್ಟರಲ್ಲಿ ಗಾಡಿ ನಾಲ್ಕು ಮಾರು ಮುಂದೆ ಹೋಗಿರುತ್ತದೆ. ಎಲ್ಲರೂ ಬೈದು ಸುಸ್ತಾದ ಮೇಲೆ ಹಿಂದಿನ ಸೀಟಿನಿಂದ ತೀರ್ಪು ಬರುತ್ತದೆ: “ಈ ದೇಶಕ್ಕೆ ಒಬ್ಬ ಹಿಟ್ಲರ್ ಬರಬೇಕು ಕಣ್ರೀ. ಹತ್ತೇ ಹತ್ತು ವರ್ಷ ಸಾಕು. ಎಲ್ಲಾ ನೆಟ್ಟಗಾಗುತ್ತೆ.”

ಯಾರೂ ಇಲ್ಲ ಅನ್ನುವುದಿಲ್ಲ. ಡ್ರೈವರ್ ಕೂಡ ಕನ್ನಡಿಯಲ್ಲಿ ನೋಡಿ ತಲೆಯಾಡಿಸುತ್ತಾನೆ. ನಾನೂ ಎಷ್ಟೋ ದಿನ ಕಿಟಕಿಯಾಚೆ ನೋಡಿಕೊಂಡು ಸುಮ್ಮನೆ ಕೂತಿದ್ದೇನೆ. ದಿನವಿಡೀ ಕೋಡ್ ಬರೆದು, ಬಗ್ ಹುಡುಕಿ ತಲೆ ಹಣ್ಣಾಗಿರುವಾಗ ಜರ್ಮನಿಯ ಚರಿತ್ರೆ ಯಾರಿಗೆ ಬೇಕು ಹೇಳಿ.

ಆದರೆ ಹೋದ ಸೋಮವಾರ ಅದೇ ಗೆಳೆಯನಿಂದ ಒಂದು ಮೇಲ್ ಬಂತು. ಜಗತ್ತಿನ ಅತ್ಯಂತ ಶ್ರೇಷ್ಠ ಭಾಷಣ, ತಪ್ಪದೆ ನೋಡಿ, ಹತ್ತು ಜನಕ್ಕೆ ಕಳಿಸಿ ಅಂತ ಒಕ್ಕಣೆ. ತೆರೆದರೆ ಚಾರ್ಲಿ ಚಾಪ್ಲಿನ್! ‘ದಿ ಗ್ರೇಟ್ ಡಿಕ್ಟೇಟರ್’ ಸಿನಿಮಾದ ಕೊನೆಯ ಭಾಷಣ. ಯಾರೋ ಪುಣ್ಯಾತ್ಮ ಅದರ ಹಿಂದೆ ಹೊಸದಾಗಿ ಪಿಟೀಲು ಸೇರಿಸಿ, ನಡುನಡುವೆ ಸೂರ್ಯೋದಯ, ಹಾರುವ ಪಾರಿವಾಳ, ನಗುವ ಮಕ್ಕಳ ಚಿತ್ರಗಳನ್ನು ಅಂಟಿಸಿದ್ದ. ದ್ವೇಷ ಬಿಡಿ, ನಿಮ್ಮನ್ನು ದನಗಳ ಹಾಗೆ ನಡೆಸಿಕೊಳ್ಳುವ ಸರ್ವಾಧಿಕಾರಿಗಳಿಗೆ ನಿಮ್ಮನ್ನು ಒಪ್ಪಿಸಿಕೊಳ್ಳಬೇಡಿ ಎಂದು ಚಾಪ್ಲಿನ್ ಸೈನಿಕರನ್ನು ಬೇಡಿಕೊಳ್ಳುತ್ತಾನೆ. ಕೆಳಗೆ ನಮ್ಮ ಗೆಳೆಯನ ಒಂದು ಸಾಲು: “ಕಣ್ಣಲ್ಲಿ ನೀರು ಬಂತು.”

ಶುಕ್ರವಾರ ಸಂಜೆ ಹಿಟ್ಲರ್ ಬೇಕು, ಸೋಮವಾರ ಬೆಳಿಗ್ಗೆ ಚಾಪ್ಲಿನ್ ನೋಡಿ ಕಣ್ಣೀರು. ಇವನೇನು ಆಷಾಢಭೂತಿಯಲ್ಲ. ಯಾರಿಗಾದರೂ ರಕ್ತ ಬೇಕು ಅಂದರೆ ಮೊದಲು ಓಡುವ ಹುಡುಗ. ಅದಕ್ಕೇ ನನಗೆ ಹೆಚ್ಚು ಸಂಕಟ. ಕೆಟ್ಟವನಾಗಿದ್ದರೆ ನಾನು ಇಷ್ಟೆಲ್ಲ ಬರೆಯುತ್ತಲೇ ಇರಲಿಲ್ಲ.

ಇನ್ನೊಂದನ್ನೂ ಮೊದಲೇ ಹೇಳಿಬಿಡುತ್ತೇನೆ. ಬಿಇ ಓದುವಾಗ ನಾನೂ ಈ ಮಾತು ಆಡಿದವನೇ. ಮೆಜೆಸ್ಟಿಕ್ ಫುಟ್‌ಪಾತಿನಲ್ಲಿ ಚೌಕಾಸಿ ಮಾಡಿ ‘ಮೈನ್ ಕಾಂಫ್’ ಕೊಂಡುತಂದಿದ್ದೆ. ನಲವತ್ತು ಪುಟ ದಾಟಲಿಲ್ಲ. ಆದರೂ ಹಾಸ್ಟೆಲ್ ಟೇಬಲ್ ಮೇಲೆ ಮುಖಪುಟ ಕಾಣುವ ಹಾಗೆ ಇಟ್ಟಿದ್ದೆ. ಊರಿಂದ ಬಂದ ಹುಡುಗ, ಇಂಗ್ಲಿಷ್ ತಡವರಿಸುತ್ತಿತ್ತು, ಯಾರೂ ಕ್ಯಾರೇ ಅನ್ನುತ್ತಿರಲಿಲ್ಲ. ಆ ಮೀಸೆಯ ಮುಖ ಟೇಬಲ್ ಮೇಲಿದ್ದರೆ ನನಗೇ ಒಂದು ಗತ್ತು ಬಂದ ಹಾಗೆ ಅನ್ನಿಸುತ್ತಿತ್ತು. ನಮ್ಮಲ್ಲಿ ಹಿಟ್ಲರ್ ಅಂದರೆ ಕೊಲೆಗಡುಕ ಅಂತ ಅರ್ಥವೇ ಇಲ್ಲ, ಶಿಸ್ತು ಅಂತ ಅರ್ಥ. ಕಟ್ಟುನಿಟ್ಟಿನ ಮೇಷ್ಟರಿಗೆ ಹಿಟ್ಲರ್ ಅಂತೇವೆ. ತಂಗಿಯರನ್ನು ಬಿಗಿಯಲ್ಲಿಟ್ಟ ಅಣ್ಣನ ಕಥೆಗೆ ತೆಲುಗಿನಲ್ಲಿ ‘ಹಿಟ್ಲರ್’ ಅಂತಲೇ ಹೆಸರಿಟ್ಟು 1997ರಲ್ಲಿ ಚಿರಂಜೀವಿ ಹೀರೋ ಆದರು. 2006ರಲ್ಲಿ ನವಿ ಮುಂಬಯಿಯಲ್ಲಿ ಒಂದು ಹೋಟೆಲಿಗೇ ಅವನ ಹೆಸರಿಟ್ಟಿದ್ದರು, ಯಹೂದಿಗಳು ಪ್ರತಿಭಟಿಸಿದ ಮೇಲೆ ಬದಲಾಯಿಸಿದರು. ಅರವತ್ತು ಲಕ್ಷ ಯಹೂದಿಗಳನ್ನು ಕೊಲ್ಲಿಸಿದವನ ಹೆಸರು ಹಾಕಿಕೊಂಡು ಊಟ ಬಡಿಸಿದರೆ ಗಿರಾಕಿಗೆ ಹಸಿವು ಕೆಡುವುದಿಲ್ಲ ಅನ್ನುವ ಧೈರ್ಯ ಆ ಮಾಲೀಕನಿಗೆ ಎಲ್ಲಿಂದ ಬಂತು? ನಮ್ಮಿಂದಲೇ ಅಲ್ಲವೇ?

ಈಗ ಸಿನಿಮಾಕ್ಕೆ ಬರೋಣ. ನನ್ನ ತಕರಾರು ಇಷ್ಟೇ. ಆ ಭಾಷಣ ಹೆಚ್ಚೆಂದರೆ ನಾಲ್ಕೈದು ನಿಮಿಷ. ಸಿನಿಮಾ ಎರಡು ಗಂಟೆಗೂ ಸ್ವಲ್ಪ ಹೆಚ್ಚು. ಮೇಲಿಂದ ಮೇಲೆ ಫಾರ್ವರ್ಡ್ ಆಗುವುದು ಆ ನಾಲ್ಕೈದು ನಿಮಿಷ ಮಾತ್ರ. ಅದನ್ನಷ್ಟೇ ನೋಡಿದವನಿಗೆ ‘ಸರ್ವಾಧಿಕಾರಿ ಕ್ರೂರಿ, ನಾವು ಒಳ್ಳೆಯವರಾಗಿರೋಣ’ ಎನ್ನುವ ನೀತಿ ಸಿಗುತ್ತದೆ. ಆ ನೀತಿಯಿಂದ ಕ್ಯಾಬಿನ ತೀರ್ಪಿಗೆ ಏನೂ ಧಕ್ಕೆಯಿಲ್ಲ. “ಕ್ರೂರಿ ಹೌದು, ಆದರೆ ಕೆಲಸಗಾರ” ಅಂದುಬಿಟ್ಟರೆ ಮುಗಿಯಿತು. ಚಾಪ್ಲಿನ್ ಕೈ ಹಾಕಿದ್ದು ಸರಿಯಾಗಿ ಆ ಎರಡನೇ ಪದಕ್ಕೆ. ಕೆಲಸಗಾರ ಅಂತೀರಲ್ಲ, ಬನ್ನಿ, ಅವನ ಆಫೀಸು ಹೇಗೆ ನಡೆಯುತ್ತದೆ ನೋಡಿ ಅಂತ ಎರಡು ಗಂಟೆ ಕೂರಿಸಿ ತೋರಿಸುತ್ತಾನೆ.

ನೋಡದವರಿಗೆ ಕಥೆ ಚುಟುಕಾಗಿ. ಟೊಮೇನಿಯ ಎಂಬ ದೇಶ. ಅದರ ಸರ್ವಾಧಿಕಾರಿ ಅಡೆನಾಯ್ಡ್ ಹಿಂಕೆಲ್. ಅದೇ ಊರಿನ ಯಹೂದಿ ಕೇರಿಯಲ್ಲಿ ಒಬ್ಬ ಬಡ ಕ್ಷೌರಿಕ. ಇಬ್ಬರೂ ನೋಡಲು ಒಂದೇ ಥರ, ಎರಡೂ ಪಾತ್ರ ಚಾಪ್ಲಿನ್‌ನದೇ. ಚಾಪ್ಲಿನ್ ಪೂರ್ತಿ ಮಾತಾಡಿದ ಮೊದಲ ಸಿನಿಮಾ ಇದು. ಅವನೂ ಹಿಟ್ಲರನೂ ಹುಟ್ಟಿದ್ದು 1889ರ ಏಪ್ರಿಲ್‌ನಲ್ಲಿ, ನಾಲ್ಕೇ ದಿನದ ಅಂತರದಲ್ಲಿ. ಮೀಸೆಯೂ ಒಂದೇ ನಮೂನೆ. ಶೂಟಿಂಗ್ ಶುರುವಾಗಿದ್ದು 1939ರ ಸೆಪ್ಟೆಂಬರ್‌ನಲ್ಲಿ, ಯುದ್ಧ ಆರಂಭವಾದ ಕೆಲವೇ ದಿನಗಳಲ್ಲಿ. ಬಿಡುಗಡೆ 1940ರ ಅಕ್ಟೋಬರ್‌ನಲ್ಲಿ. ಆಗ ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ, ಹಿಟ್ಲರ್ ಪ್ಯಾರಿಸ್ ಗೆದ್ದು ನಾಲ್ಕು ತಿಂಗಳಾಗಿತ್ತು. ಜಗತ್ತಿನಲ್ಲಿ ಅವನಷ್ಟು ದೊಡ್ಡ ‘ಯಶಸ್ವಿ ನಾಯಕ’ ಆ ಹೊತ್ತಿಗೆ ಇನ್ನೊಬ್ಬನಿರಲಿಲ್ಲ. ಅಂಥ ಹೊತ್ತಿನಲ್ಲಿ ತನ್ನ ಸ್ವಂತ ದುಡ್ಡು ಹಾಕಿ ಅವನನ್ನು ಗೇಲಿ ಮಾಡಿದ ಅನ್ನುವುದನ್ನು ಮರೆಯಬಾರದು. ಸೋತು ಬಿದ್ದ ಹಿಟ್ಲರನಿಗೆ ಕಲ್ಲೆಸೆಯುವುದು ಇವತ್ತು ಯಾರಿಗಾದರೂ ಬರುತ್ತದೆ.

ಹಿಂಕೆಲ್ ಆಫೀಸಿನ ಒಂದು ದಿನ ನೋಡಿ. ಗೋಡೆಯ ಫೈಲ್ ಕಪಾಟುಗಳ ಡ್ರಾಯರ್‌ಗಳು ಬರೀ ತೋರಿಕೆಗೆ, ಹಿಂದೆ ಇರುವುದು ಕನ್ನಡಿ. ಲಕೋಟೆ ಅಂಟಿಸಬೇಕೆಂದರೆ ನಾಲಿಗೆ ಚಾಚಿಕೊಂಡು ನಿಲ್ಲಲು ಒಬ್ಬ ಸಿಬ್ಬಂದಿ. ಪಕ್ಕದ ಕೋಣೆಯಲ್ಲಿ ಒಬ್ಬ ಚಿತ್ರಕಾರ, ಒಬ್ಬ ಶಿಲ್ಪಿ. ಮಹಾನಾಯಕ ಬಂದು ಕೆಲವೇ ಸೆಕೆಂಡು ಗಂಭೀರವಾಗಿ ಕೂತು ಎದ್ದು ಹೋಗುತ್ತಾನೆ, ಅವರು ಕುಂಚ, ಉಳಿ ಹಿಡಿದು ನಿಂತಲ್ಲೇ ಇರುತ್ತಾರೆ. ನಮ್ಮ ಕಂಪನಿಗಳಲ್ಲಿ ದಿನಾ ಹತ್ತು ಮೀಟಿಂಗಿಗೆ ನುಗ್ಗಿ ಹೊರಬರುವ, ಯಾವುದನ್ನೂ ಮುಗಿಸದ ದೊಡ್ಡ ಮನುಷ್ಯರನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಆಮೇಲೆ ಬರುತ್ತದೆ ಪ್ರಾಡಕ್ಟ್ ಡೆಮೊ. ಯುದ್ಧಮಂತ್ರಿ ಹೆರಿಂಗ್ ಒಬ್ಬ ಸಂಶೋಧಕನನ್ನು ಕರೆತರುತ್ತಾನೆ. ಗುಂಡು ತಾಗದ ಬಟ್ಟೆಯಂತೆ. ಹಿಂಕೆಲ್ ಪಿಸ್ತೂಲ್ ತೆಗೆದು ಹೊಡೆಯುತ್ತಾನೆ. ಸಂಶೋಧಕ ಸತ್ತುಬೀಳುತ್ತಾನೆ. ಬಟ್ಟೆ ಇನ್ನೂ ಸುಧಾರಿಸಬೇಕು ಅನ್ನುವ ಧಾಟಿಯಲ್ಲಿ ಹಿಂಕೆಲ್ ತನ್ನ ಪಾಡಿಗೆ ಹೋಗುತ್ತಾನೆ. ಸ್ವಲ್ಪ ಹೊತ್ತಿಗೆ ಇನ್ನೊಬ್ಬ, ತಲೆಗೆ ಹಾಕುವ ಟೋಪಿಯಂಥ ಪ್ಯಾರಾಚೂಟ್. ನಮಸ್ಕಾರ ಹೊಡೆದು ಕಿಟಕಿಯಿಂದ ಹಾರುತ್ತಾನೆ. ಹಿಂಕೆಲ್ ಬಗ್ಗಿ ಕೆಳಗೆ ನೋಡಿ, ಯಾಕೆ ನನ್ನ ಸಮಯ ಹಾಳು ಮಾಡ್ತೀಯ ಅಂತ ಹೆರಿಂಗನಿಗೆ ಗದರುತ್ತಾನೆ. ಮುಂದೊಮ್ಮೆ ಅದೇ ಹೆರಿಂಗ್ ಕುಣಿದಾಡಿಕೊಂಡು ಬಂದು, ಅದ್ಭುತವಾದ ವಿಷಾನಿಲ ಕಂಡುಹಿಡಿದಿದ್ದೇವೆ, ಎಲ್ಲರೂ ಸಾಯ್ತಾರೆ ಅಂತ ಸಂತೋಷದಿಂದ ಹೇಳುತ್ತಾನೆ. ಎಲ್ಲರೂ ಅಂದರೆ ಯಾರ್ಯಾರು ಅಂತ ಕೇಳುವವರೇ ಆ ಕೋಣೆಯಲ್ಲಿಲ್ಲ.

ಸಾಫ್ಟ್‌ವೇರಿನಲ್ಲಿ ನಮಗೆ ಕಲಿಸುವ ಮೊದಲ ಪಾಠ ಏನು? ಬರೆದವನು ಬೇರೆ, ಪರೀಕ್ಷಿಸುವವನು ಬೇರೆ ಇರಬೇಕು. ತಪ್ಪು ಕಂಡವನು ಹೆದರದೆ ಬಗ್ ಹಾಕುವಂತಿರಬೇಕು. ಮ್ಯಾನೇಜರಿಗೆ ಬೇಜಾರಾಗುತ್ತದೆ ಅಂತ ಟೆಸ್ಟರ್ ಸುಮ್ಮನಾದರೆ ಆ ಬಗ್ ಗಿರಾಕಿಯ ಮನೆಯಲ್ಲಿ ಸಿಡಿಯುತ್ತದೆ. ಹಿಂಕೆಲ್ ಆಸ್ಥಾನದಲ್ಲಿ ಬಗ್ ಹಾಕುವವನೇ ಇಲ್ಲ. ಇರುವವರೆಲ್ಲ ಚಪ್ಪಾಳೆಯವರು. ಮದ್ದುಗುಂಡು ಕಾರ್ಖಾನೆಯಲ್ಲಿ ಮೂರು ಸಾವಿರ ಕಾರ್ಮಿಕರು ಮುಷ್ಕರ ಹೂಡಿದ್ದಾರೆ ಅಂತ ಸುದ್ದಿ ಬಂದಾಗ ಹಿಂಕೆಲ್ ಕೊಡುವ ಪರಿಹಾರ, ಎಲ್ಲರಿಗೂ ಗುಂಡು ಹಾಕಿ, ನನ್ನ ಕೆಲಸಗಾರರಲ್ಲಿ ಅತೃಪ್ತರು ಇರಬಾರದು ಅಂತ. ನಾವು ನಗುತ್ತೇವೆ. ನಕ್ಕ ಮೇಲೆ ಒಮ್ಮೆ ಯೋಚಿಸಿ, ‘ಎಲ್ಲಾ ನೆಟ್ಟಗಾಗುತ್ತೆ’ ಅಂತ ಕ್ಯಾಬಿನಲ್ಲಿ ಹೇಳುವುದಕ್ಕೂ ಇದಕ್ಕೂ ಎಷ್ಟು ದೂರ? ದೂರು ಕೊಡುವವನೇ ಇಲ್ಲದಿದ್ದರೆ ದೂರೂ ಇರುವುದಿಲ್ಲ, ಅಷ್ಟೇ.

“ಸಿನಿಮಾ ಬಿಡಿ, ನಿಜವಾದ ಹಿಟ್ಲರ್ ಹಾಗಿರಲಿಲ್ಲ” ಅನ್ನುತ್ತೀರಾ? ನಿಜವಾದವನದ್ದೂ ನೋಡಿ. ಸ್ಟಾಲಿನ್‌ಗ್ರಾಡ್‌ನಲ್ಲಿ ಸಿಕ್ಕಿಹಾಕಿಕೊಂಡ ಸೈನ್ಯಕ್ಕೆ ಹಿಂದೆ ಸರಿಯಲು ಅವನು ಅಪ್ಪಣೆ ಕೊಡಲಿಲ್ಲ. 1943ರ ಫೆಬ್ರವರಿ ಹೊತ್ತಿಗೆ ಅಳಿದುಳಿದ ಸುಮಾರು 91,000 ಜನ ರಷ್ಯನ್ನರಿಗೆ ಶರಣಾದರು. 1944ರ ಜೂನ್ 6ರ ಬೆಳಿಗ್ಗೆ ನಾರ್ಮಂಡಿಯ ದಂಡೆಗೆ ಶತ್ರು ಸೈನ್ಯ ಇಳಿಯುತ್ತಿದ್ದಾಗ ಹಿಟ್ಲರ್ ಮಲಗಿದ್ದ. ಮೀಸಲು ಟ್ಯಾಂಕ್ ಪಡೆಗಳು ಅವನ ಅಪ್ಪಣೆಯಿಲ್ಲದೆ ಹೊರಡುವಂತಿರಲಿಲ್ಲ. ಎಬ್ಬಿಸುವ ಧೈರ್ಯ ಯಾರಿಗೂ ಬರಲಿಲ್ಲ. ಚಾಪ್ಲಿನ್ ಇದನ್ನು ಸಿನಿಮಾದಲ್ಲಿ ಹಾಕಿದ್ದರೆ ಅತಿಯಾಯಿತು ಅನ್ನುತ್ತಿದ್ದೆವು. 1933ರ ಜನವರಿಯಲ್ಲಿ ಗದ್ದುಗೆ ಏರಿದವನು 1945ರ ಏಪ್ರಿಲ್‌ನಲ್ಲಿ ನೆಲಮಾಳಿಗೆಯಲ್ಲಿ ಸತ್ತಾಗ ಬರ್ಲಿನ್ ಕಲ್ಲುಗುಡ್ಡೆಯಾಗಿತ್ತು. ಹತ್ತು ವರ್ಷ ಕೇಳಿದ್ದಿರಲ್ಲ, ಅವನಿಗೆ ಹನ್ನೆರಡು ವರ್ಷ ಸಿಕ್ಕಿತ್ತು.

“ರೈಲಾದರೂ ಟೈಮಿಗೆ ಸರಿಯಾಗಿ ಓಡ್ತಿತ್ತು” ಎನ್ನುವ ಇನ್ನೊಂದು ಹಳೇ ರೆಕಾರ್ಡ್ ಇದೆ. ಇಟಲಿಯ ಮುಸೊಲಿನಿ ಬಗ್ಗೆ ಮೊದಲು ಹುಟ್ಟಿದ ಮಾತು. ಚಾಪ್ಲಿನ್ ಅದಕ್ಕೂ ಉತ್ತರ ಇಟ್ಟಿದ್ದಾನೆ. ಬ್ಯಾಕ್ಟೀರಿಯ ದೇಶದ ಸರ್ವಾಧಿಕಾರಿ ನಪಲೋನಿ ರೈಲಿನಲ್ಲಿ ಬಂದಿಳಿಯಬೇಕು. ಕೆಂಪುಹಾಸು ಹಾಸಿ ಎಲ್ಲರೂ ಕಾದಿದ್ದಾರೆ. ರೈಲು ಹಾಸು ಇರುವಲ್ಲಿ ನಿಲ್ಲುವುದಿಲ್ಲ. ಹಾಸು ಹೊತ್ತು ಓಡುತ್ತಾರೆ, ಅಷ್ಟರಲ್ಲಿ ರೈಲು ಹಿಂದಕ್ಕೆ. ಮತ್ತೆ ಓಡುತ್ತಾರೆ, ರೈಲು ಮುಂದಕ್ಕೆ. ಹಾಸಿಲ್ಲದೆ ನಪಲೋನಿ ಇಳಿಯುವುದಿಲ್ಲ. ಜಗತ್ತನ್ನು ಆಳಹೊರಟ ಇಬ್ಬರಿಗೆ ಒಂದು ರೈಲನ್ನು ಒಂದು ಕಡೆ ನಿಲ್ಲಿಸಲು ಬರುವುದಿಲ್ಲ. ಆಮೇಲೆ ಇಬ್ಬರೂ ಕ್ಷೌರದ ಕುರ್ಚಿಯಲ್ಲಿ ಅಕ್ಕಪಕ್ಕ ಕೂತು, ನಾನು ಮೇಲೆ ತಾನು ಮೇಲೆ ಅಂತ ಕುರ್ಚಿ ಏರಿಸಿಕೊಳ್ಳುತ್ತಾ ಚಾವಣಿ ಹತ್ತಿರ ಹೋಗುತ್ತಾರೆ. ಒಂದು ದೇಶದ ಗಡಿ ಯಾರಿಗೆ ಅನ್ನುವುದನ್ನು ತೀರ್ಮಾನಿಸಬೇಕಾದವರು ಇವರು.

ನಮ್ಮಲ್ಲೂ ಆ ರೈಲಿನ ಮಾತು 1975ರ ತುರ್ತುಪರಿಸ್ಥಿತಿಯ ಬಗ್ಗೆ ಇವತ್ತಿಗೂ ಓಡುತ್ತಿದೆ. ಆಗ ರೈಲು ಟೈಮಿಗೆ ಬಂತು, ಆಫೀಸಿನಲ್ಲಿ ಗುಮಾಸ್ತರು ಸೀಟಿನಲ್ಲಿ ಕೂತರು ಅಂತ ದೊಡ್ಡವರು ಹೇಳುವುದನ್ನು ನೀವೂ ಕೇಳಿರುತ್ತೀರಿ. ಅದೇ ಕಾಲದಲ್ಲಿ ‘ಸಂಸ್ಕಾರ’ ಸಿನಿಮಾದ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿದ್ದರು. ಅಸ್ತಮಾ ರೋಗಿ. ತಿಂಗಳುಗಟ್ಟಲೆ ಇಟ್ಟು, ಉಸಿರು ನಿಲ್ಲುವ ಸ್ಥಿತಿಗೆ ಬಂದ ಮೇಲೆ ಪೆರೋಲ್ ಮೇಲೆ ಹೊರಗೆ ಬಿಟ್ಟರು. 1977ರ ಜನವರಿಯಲ್ಲಿ, ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ರೈಲಿನ ಟೈಮ್ ಟೇಬಲ್ ನೆನಪಿಟ್ಟುಕೊಂಡವರು ಆ ಹೆಸರನ್ನೂ ನೆನಪಿಟ್ಟುಕೊಳ್ಳಲಿ.

ಇಷ್ಟೆಲ್ಲ ನಗಿಸುತ್ತಾ ಚಾಪ್ಲಿನ್ ಕೇರಿಯ ಬಾಳನ್ನೂ ತೋರಿಸುತ್ತಾನೆ, ಅಲ್ಲಿ ಬರೀ ನಗು ಇಲ್ಲ. ಅಂಗಡಿಯ ಗಾಜಿನ ಮೇಲೆ ‘ಯಹೂದಿ’ ಅಂತ ಬಣ್ಣದಲ್ಲಿ ಬರೆದಿದ್ದಾರೆ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು, ನೆನಪು ಕಳೆದುಕೊಂಡು ವರ್ಷಗಟ್ಟಲೆ ಆಸ್ಪತ್ರೆಯಲ್ಲಿದ್ದ ಕ್ಷೌರಿಕನಿಗೆ ಕಾಲ ಬದಲಾದದ್ದೇ ಗೊತ್ತಿಲ್ಲ. ತನ್ನ ಅಂಗಡಿ ಗಾಜಿನ ಮೇಲೆ ಯಾರೋ ಗೀಚಿದ್ದಾರೆ ಅಂತ ಬಟ್ಟೆ ತಂದು ಒರೆಸುತ್ತಾನೆ. ಅಷ್ಟಕ್ಕೆ ಪುಂಡ ಪೊಲೀಸರು ಬೀಳುತ್ತಾರೆ. ಹ್ಯಾನಾ ಎಂಬ ಹುಡುಗಿ ಮಹಡಿ ಕಿಟಕಿಯಿಂದ ಬಾಣಲೆ ತೆಗೆದು ಅವರ ತಲೆಗೆ ಬಾರಿಸುತ್ತಾಳೆ, ಗಡಿಬಿಡಿಯಲ್ಲಿ ಕ್ಷೌರಿಕನಿಗೂ ಒಂದು ಬೀಳುತ್ತದೆ. ಒಮ್ಮೆ ಇದ್ದಕ್ಕಿದ್ದಂತೆ ಕೇರಿಗೆ ಶಾಂತಿ ಬರುತ್ತದೆ. ಪೊಲೀಸರು ನಯವಾಗಿ ಮಾತಾಡಿಸುತ್ತಾರೆ. ಕಾರಣ? ಹಿಂಕೆಲ್‌ಗೆ ಒಬ್ಬ ಯಹೂದಿ ಸಾಹುಕಾರನಿಂದ ಸಾಲ ಬೇಕಾಗಿದೆ. ಸಾಲ ಸಿಗಲ್ಲ ಅಂತ ಗೊತ್ತಾದ ಸಂಜೆ, ಬೀದಿಯ ಲೌಡ್‌ಸ್ಪೀಕರಿನಲ್ಲಿ ಅವನ ಗಂಟಲು ಗುಡುಗುತ್ತದೆ. ಹ್ಯಾನಾ ಜೊತೆ ಒಳ್ಳೆ ಬಟ್ಟೆ ಹಾಕಿಕೊಂಡು ತಿರುಗಾಡಲು ಹೊರಟಿದ್ದ ಕ್ಷೌರಿಕ ಆ ದನಿಗೆ ಬೆಚ್ಚಿ ಪೀಪಾಯಿಯೊಳಗೆ ಹಾರುತ್ತಾನೆ. ನಿನ್ನೆಯವರೆಗೆ ಇಲ್ಲದ ದ್ವೇಷ ಇವತ್ತು ಸ್ವಿಚ್ ಒತ್ತಿದ ಹಾಗೆ ಬಂತು, ಯಾಕೆಂದರೆ ಅದು ಸ್ವಿಚ್ಚೇ ಆಗಿತ್ತು.

ಕ್ಯಾಬಿನಲ್ಲಿ ಕೂತು ಹಿಟ್ಲರ್ ಬೇಕು ಅನ್ನುವ ನಾವೆಲ್ಲ, ಅವನು ಬಂದಾಗ ನಾವು ಯಾವ ಬೀದಿಯಲ್ಲಿರುತ್ತೇವೆ ಅಂತ ಮೊದಲೇ ತೀರ್ಮಾನಿಸಿರುತ್ತೇವೆ. ಆ ಪೀಪಾಯಿಯಲ್ಲಿ ನಮ್ಮನ್ನು ನಾವು ಊಹಿಸಿಕೊಳ್ಳುವುದೇ ಇಲ್ಲ.

ಇದು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ನಮ್ಮೂರು ತಿಪಟೂರು ಕಡೆ. ನಾನು ಚಿಕ್ಕವನಿದ್ದಾಗ ಊರಲ್ಲಿ ಒಬ್ಬರು ಯಜಮಾನರಿದ್ದರು. ಅವರು ಬಾಯಿ ತೆರೆದರೆ ಊರು ಗಪ್‌ಚಿಪ್. ಕಾಯಿ ಕದ್ದವನನ್ನು ಕಂಬಕ್ಕೆ ಕಟ್ಟಿಸುತ್ತಿದ್ದರು. “ಅವರ ಕಾಲ್ದಲ್ಲಿ ಊರು ಊರಾಗಿತ್ತು ಕಣೋ, ಒಂದು ಕಾಯಿ ಕಳೀತಿರಲಿಲ್ಲ” ಅಂತ ನಮ್ಮಜ್ಜಿ ಕೊನೆಯವರೆಗೂ ಹೇಳುತ್ತಿದ್ದಳು. ನಮ್ಮಜ್ಜಿ ಹೇಳಿದ್ದು ಸುಳ್ಳಲ್ಲ, ನಮ್ಮ ತೋಟದ ಕಾಯಿ ಕಳೆಯುತ್ತಿರಲಿಲ್ಲ.

ಊರಲ್ಲಿ ಒಬ್ಬ ಕ್ಷೌರದ ಅಜ್ಜ ಇದ್ದ. ಮನೆಮನೆಗೆ ಬಂದು ಜಗಲಿಯ ಮೇಲೆ ಕೂರಿಸಿಕೊಂಡು ನಮ್ಮ ತಲೆ ಬೋಳಿಸುತ್ತಿದ್ದ. ಹುಡುಗರು ಅಳಬಾರದು ಅಂತ ಯಜಮಾನರು ದೇವಸ್ಥಾನದ ಮೆಟ್ಟಿಲು ಹತ್ತುವುದನ್ನು ಮಾಡಿ ತೋರಿಸುತ್ತಿದ್ದ. ಒಂದು ಕೈಯಲ್ಲಿ ಪಂಚೆ ಚುಂಗು, ಇನ್ನೊಂದು ಕೈ ಮೀಸೆಗೆ, ಎರಡನೇ ಮೆಟ್ಟಿಲಿಗೇ ಏದುಸಿರು, ಯಾರಾದರೂ ನೋಡಿದರಾ ಅಂತ ಓರೆಗಣ್ಣು. ನಾವು ಬಿದ್ದು ಬಿದ್ದು ನಗುತ್ತಿದ್ದೆವು. ದೊಡ್ಡವರು ಗದರಿಸುತ್ತಿದ್ದರು, ಗದರಿಸುವಾಗ ಅವರ ತುಟಿಯೂ ಅದುರುತ್ತಿತ್ತು.

ಅಜ್ಜನ ಕತ್ತರಿ ಕೇರಿಯವರ ತಲೆ ಮುಟ್ಟುವ ಹಾಗಿರಲಿಲ್ಲ. ಒಂದು ವರ್ಷ ಕೇರಿಯ ಹುಡುಗನೊಬ್ಬ ಕಾಲೇಜು ಸೇರಲು ಹೊರಟಿದ್ದ. ಅಜ್ಜ ಕೆರೆ ಏರಿಯ ಹಿಂದೆ ಕೂರಿಸಿ ಅವನ ಕೂದಲು ಕತ್ತರಿಸಿದ. ಯಾರೋ ನೋಡಿದರು. ಆ ಸುಗ್ಗಿಯಲ್ಲಿ ಯಾವ ಮನೆಯವರೂ ಅವನಿಗೆ ಆಯ ಕೊಡಬಾರದು ಅಂತ ಯಜಮಾನರ ಅಪ್ಪಣೆಯಾಯಿತು. ವರ್ಷವಿಡೀ ಊರಿನ ತಲೆ ಕೆರೆದದ್ದಕ್ಕೆ ಅವನಿಗೆ ಬರಬೇಕಾಗಿದ್ದ ರಾಗಿ ಅದು. ಅಜ್ಜ ಖಾಲಿ ಚೀಲ ಹಿಡಿದು ನಮ್ಮ ಬಾಗಿಲಿಗೂ ಬಂದು ನಿಂತ. ನಮ್ಮ ತಾತ ಒಳಗೆ ಎದ್ದುಹೋದರು. ನಮ್ಮಜ್ಜಿ ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತು ನೋಡಿ ಅವನು ಚೀಲ ಮಡಚಿ ಕಂಕುಳಿಗೆ ಇಟ್ಟುಕೊಂಡು ಹೋದ. ಆಮೇಲೆ ಊರು ಬಿಟ್ಟು ಪೇಟೆಗೆ ಹೋದನಂತೆ.

ಆ ವರ್ಷವೂ ನಮ್ಮೂರಲ್ಲಿ ಒಂದು ಕಾಯಿ ಕಳೆಯಲಿಲ್ಲ. ಶಿಸ್ತು ಚೆನ್ನಾಗಿಯೇ ಇತ್ತು.

ಹಾಸ್ಟೆಲಿನಲ್ಲಿ ಗೆಳೆಯನ ಕಂಪ್ಯೂಟರಿನಲ್ಲಿ ಮೊದಲ ಸಲ ಈ ಸಿನಿಮಾ ನೋಡಿದಾಗ ಹಿಂಕೆಲ್ ಮೆಟ್ಟಿಲಿನಿಂದ ಉರುಳುವ ಕಡೆ ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಹೆರಿಂಗ್ ನಮಸ್ಕರಿಸಲು ಬಗ್ಗಿದ್ದಕ್ಕೆ ಅವನ ಹೊಟ್ಟೆ ತಾಗಿ ಮಹಾನಾಯಕ ಉರುಳುತ್ತಾನೆ. ನನಗೆ ಕಂಡದ್ದು ನಮ್ಮೂರ ದೇವಸ್ಥಾನದ ಮೆಟ್ಟಿಲು. ಅಜ್ಜ ಮಾಡುತ್ತಿದ್ದದ್ದು ಏನು ಅಂತ ಹತ್ತು ವರ್ಷದ ಮೇಲೆ ಅರ್ಥವಾಯಿತು. ಟೇಬಲ್ ಮೇಲಿದ್ದ ಪುಸ್ತಕವನ್ನು ಅವತ್ತು ರಾತ್ರಿ ಮಂಚದ ಕೆಳಗೆ ತಳ್ಳಿದೆ.

ಈಗ ಎದುರು ವಾದಗಳು. ಒಂದು: “ನಗೋದರಿಂದ ಹಿಟ್ಲರ್ ಸತ್ತನಾ? ಟ್ಯಾಂಕು, ಬಾಂಬು ಬೇಕಾಯಿತು.” ನಿಜ. ಅಜ್ಜನ ಅಣಕದಿಂದ ನಮ್ಮೂರ ಯಜಮಾನರ ಕೂದಲೂ ಕೊಂಕಲಿಲ್ಲ. ಆದರೆ ಸರ್ವಾಧಿಕಾರಿ ಟ್ಯಾಂಕಿನಿಂದ ಹುಟ್ಟುವುದಿಲ್ಲ, ಬಾಯಿ ಬಿಟ್ಟು ನೋಡುವ ಜನರ ಭಕ್ತಿಯಿಂದ ಹುಟ್ಟುತ್ತಾನೆ. ಟ್ಯಾಂಕ್ ಆಮೇಲೆ ಬರುತ್ತದೆ. ನಗು ಕೆಲಸ ಮಾಡುವುದು ಟ್ಯಾಂಕ್ ಬರುವುದಕ್ಕೆ ಮೊದಲು. ನಗೆಯಿಂದ ಏನೂ ಆಗುವುದಿಲ್ಲ ಅನ್ನುವುದಾದರೆ ಸ್ಪೇನಿನಲ್ಲಿ 1975ರಲ್ಲಿ ಫ್ರಾಂಕೊ ಸಾಯುವವರೆಗೂ ಈ ಸಿನಿಮಾವನ್ನು ಯಾಕೆ ತೋರಿಸಲು ಬಿಡಲಿಲ್ಲ?

ಎರಡು: ಈ ಮಾತನ್ನು ಆಡಿದವನು ಚಾಪ್ಲಿನ್ನೇ. ಯಾತನಾ ಶಿಬಿರಗಳ ನಿಜವಾದ ಭೀಕರತೆ ಆಗಲೇ ಗೊತ್ತಿದ್ದರೆ ಈ ಸಿನಿಮಾ ಮಾಡಲು ತನ್ನಿಂದ ಆಗುತ್ತಿರಲಿಲ್ಲ ಅಂತ 1964ರಲ್ಲಿ ಬಂದ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಇದು ದೊಡ್ಡ ಮಾತು, ಇದನ್ನು ಜಾರಿಸಿ ಹೋಗಬಾರದು. ಸತ್ತವರ ಮೇಲೆ ನಗೆ ಸಲ್ಲದು, ಸರಿ. ಆದರೆ ಈ ಸಿನಿಮಾದಲ್ಲಿ ನಾವು ಕೇರಿಯವರನ್ನು ನೋಡಿ ನಗುವುದಿಲ್ಲ, ಅವರ ಜೊತೆ ನಗುತ್ತೇವೆ. ಹಿಂಕೆಲ್‌ನನ್ನು ಕೊಲ್ಲಲು ಹೋಗುವವರು ಯಾರು ಅಂತ ಆರಿಸಲು ಹಲ್ವದಂಥ ಸಿಹಿಯೊಳಗೆ ನಾಣ್ಯ ಅಡಗಿಸಿಡುವ ದೃಶ್ಯವಿದೆ. ಯಾರೂ ಹೋಗುವುದು ಬೇಡ ಅಂತ ಹ್ಯಾನಾ ಎಲ್ಲರ ಪಾಲಿನಲ್ಲೂ ನಾಣ್ಯ ಇಟ್ಟುಬಿಟ್ಟಿದ್ದಾಳೆ. ಒಬ್ಬೊಬ್ಬರೂ ಸದ್ದಿಲ್ಲದೆ ತಮ್ಮ ನಾಣ್ಯವನ್ನು ಪಕ್ಕದವರಿಗೆ ದಾಟಿಸುತ್ತಾರೆ, ಕ್ಷೌರಿಕ ಒಂದರ ಹಿಂದೊಂದು ನುಂಗುತ್ತಾನೆ. ಅವರ ಹೆದರಿಕೆ ನಮ್ಮದೇ ಹೆದರಿಕೆ. ನಮ್ಮ ತಾತ ಒಳಗೆ ಎದ್ದುಹೋದರಲ್ಲ, ಅದೂ ನಾಣ್ಯ ದಾಟಿಸಿದ್ದೇ.

ಕೊನೆಗೆ ಆ ಭಾಷಣಕ್ಕೇ ಬರುತ್ತೇನೆ. ಅದು ಹೇಗೆ ಬರುತ್ತದೆ ಅಂತ ಫಾರ್ವರ್ಡ್ ಮಾಡುವವರಿಗೆ ಗೊತ್ತಿರಬೇಕು. ಹಿಂಕೆಲ್ ಬಾತುಕೋಳಿ ಬೇಟೆಗೆ ಹೋಗಿ ದೋಣಿಯಿಂದ ನೀರಿಗೆ ಬೀಳುತ್ತಾನೆ. ಮೈಮೇಲೆ ಸಮವಸ್ತ್ರವಿಲ್ಲ. ಅವನದೇ ಸೈನಿಕರು ಅವನನ್ನು ತಪ್ಪಿಸಿಕೊಂಡ ಕ್ಷೌರಿಕ ಅಂತ ತಿಳಿದು ಹಿಡಿದೊಯ್ಯುತ್ತಾರೆ. ಇತ್ತ ಶಿಬಿರದಿಂದ ಸಮವಸ್ತ್ರ ಹಾಕಿಕೊಂಡು ತಪ್ಪಿಸಿಕೊಂಡ ಕ್ಷೌರಿಕನಿಗೆ ಎಲ್ಲರೂ ಸೆಲ್ಯೂಟ್ ಹೊಡೆದು ಮೈಕಿನ ಮುಂದೆ ನಿಲ್ಲಿಸುತ್ತಾರೆ. ಬಟ್ಟೆ ಕಳಚಿದರೆ ಮಹಾನಾಯಕನನ್ನು ಅವನ ಸೈನಿಕರೇ ಗುರುತು ಹಿಡಿಯಲಿಲ್ಲ. ಹಾಗಾದರೆ ಇಷ್ಟು ದಿನ ಅವರು ಕೈ ಮುಗಿದದ್ದು ಯಾವುದಕ್ಕೆ?

ಇನ್ನೊಂದು ಗಮನಿಸಿ. ಸಿನಿಮಾದ ಮೊದಲ ಭಾಗದಲ್ಲಿ ಹಿಂಕೆಲ್ ಜರ್ಮನ್ ಥರ ಕೇಳುವ ಅರ್ಥವಿಲ್ಲದ ಭಾಷೆಯಲ್ಲಿ ಅಬ್ಬರಿಸುತ್ತಾನೆ, ಕೆಮ್ಮುತ್ತಾನೆ, ಮೈಕುಗಳೇ ಹೆದರಿ ಬಾಗುತ್ತವೆ. ಜನಸಾಗರ ಚಪ್ಪಾಳೆ ತಟ್ಟುತ್ತದೆ. ಕೊನೆಯಲ್ಲಿ ಅದೇ ವೇಷದಲ್ಲಿ ಕ್ಷೌರಿಕ ಅದಕ್ಕೆ ಪೂರಾ ಉಲ್ಟಾ ಮಾತಾಡುತ್ತಾನೆ, ಆಗಲೂ ಜನ ಜಯಘೋಷ ಮಾಡುತ್ತಾರೆ. ದ್ವೇಷಕ್ಕೂ ಚಪ್ಪಾಳೆ, ಪ್ರೀತಿಗೂ ಚಪ್ಪಾಳೆ. ಚಾಪ್ಲಿನ್ ಇದನ್ನು ಬೇಕೆಂದೇ ಮಾಡಿದನೋ ಇಲ್ಲವೋ, ನನಗಂತೂ ಆ ಎರಡನೇ ಚಪ್ಪಾಳೆ ಕೇಳಿದಾಗಲೆಲ್ಲ ಭಯವಾಗುತ್ತದೆ. ಶುಕ್ರವಾರ ಹಿಟ್ಲರ್ ಬೇಕು ಅಂದು ಸೋಮವಾರ ಕಣ್ಣೀರು ಹಾಕಿದ ನಮ್ಮ ಗೆಳೆಯ ಆ ಜನಸಾಗರದಲ್ಲಿ ಎಲ್ಲೋ ನಿಂತಿದ್ದಾನೆ. ಹಾಸ್ಟೆಲಿನ ನಾನೂ ಅಲ್ಲೇ ಇದ್ದೆ.

ಹಾಗಾಗಿ, ಗೆಳೆಯಾ, ನಿನ್ನ ಮೇಲನ್ನು ನಾನು ಹತ್ತು ಜನಕ್ಕೆ ಕಳಿಸಲಿಲ್ಲ. ಈ ಶನಿವಾರ ಮನೆಗೆ ಬಾ. ಪೂರ್ತಿ ಸಿನಿಮಾ ನೋಡೋಣ, ಪಿಟೀಲು, ಪಾರಿವಾಳ ಏನೂ ಇರುವುದಿಲ್ಲ. ಹಿಂಕೆಲ್ ಭೂಗೋಳದ ಬಲೂನನ್ನು ಕೈಯಲ್ಲಿ, ತಲೆಯಲ್ಲಿ, ಹಿಂಭಾಗದಲ್ಲಿ ಚಿಮ್ಮಿಸುತ್ತಾ ಕುಣಿದು, ಕೊನೆಗೆ ಅದು ಅವನ ಮುಖಕ್ಕೇ ಒಡೆದು ಅವನು ಮಗುವಿನ ಹಾಗೆ ಅಳುವುದನ್ನು ನೋಡಿ ಹೊಟ್ಟೆ ತುಂಬಾ ನಗು. ಆಮೇಲೂ ಈ ದೇಶಕ್ಕೆ ಅಂಥವನೊಬ್ಬ ಬೇಕು ಅನ್ನಿಸಿದರೆ ಸೋಮವಾರ ಸಂಜೆ ಸಿಲ್ಕ್ ಬೋರ್ಡಿನಲ್ಲಿ ನಿಂತಾಗ ಮತ್ತೆ ಹೇಳು. ಈ ಸಲ ನಾನು ಕಿಟಕಿಯಾಚೆ ನೋಡುವುದಿಲ್ಲ.